ನೆರವು ಬರುವ ಹೊತ್ತಿಗೆ ಆಯ್ಕೆ ಮುಗಿದಿರುತ್ತದೆ

ಸಿಇಟಿ ರ್‍ಯಾಂಕ್ ಪ್ರಕಟವಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಆಪ್ಷನ್ ಎಂಟ್ರಿ ಶುರುವಾಗುತ್ತದೆ. ಯಾವ ಕಾಲೇಜು, ಯಾವ ಕೋರ್ಸು, ಯಾವುದು ಮೊದಲು, ಯಾವುದು ಆಮೇಲೆ ಎಂದು ವಿದ್ಯಾರ್ಥಿ ಪಟ್ಟಿ ಕೊಡಬೇಕು. ನಿಯಮದ ಪ್ರಕಾರ ಅದು ವಿದ್ಯಾರ್ಥಿಯ ಇಷ್ಟದ ಪಟ್ಟಿ. ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಕೂತು ಅದನ್ನು ತುಂಬುವ ಹಲವು ಮನೆಗಳ ಪಾಲಿಗೆ ಮಾತ್ರ ಅದು ದುಡ್ಡಿನ ಪಟ್ಟಿ. ಫೀಸು ಎಷ್ಟು, ಹಾಸ್ಟೆಲ್ಲು ಸಿಕ್ಕೀತೇ, ಸಿಗದಿದ್ದರೆ ದಿನಾ ಬಸ್ಸಿನಲ್ಲಿ ಹೋಗಿಬರಲು ಆದೀತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಕಾಲೇಜುಗಳಷ್ಟೇ ಅಲ್ಲಿ ಜಾಗ ಪಡೆಯುತ್ತವೆ. ರ್‍ಯಾಂಕಿಗೆ ಎಟುಕುತ್ತಿದ್ದ ಎಷ್ಟೋ ಹೆಸರುಗಳು ಪಟ್ಟಿಗೆ ಬರುವ ಮೊದಲೇ ಬಿಟ್ಟುಹೋಗಿರುತ್ತವೆ. ಕೇಳದೇ ಇದ್ದ ಕಾಲೇಜನ್ನು ಯಾವ ಸುತ್ತಿನಲ್ಲೂ ಯಾರೂ ಹಂಚುವುದಿಲ್ಲ. ಹಾಗಾಗಿ ಈ ನಷ್ಟ ಸರ್ಕಾರದ ಲೆಕ್ಕಪತ್ರದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಹಾಗೆಂದು ನಮ್ಮಲ್ಲಿ ನೆರವಿನ ಯೋಜನೆಗಳಿಗೆ ಬರವಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಉಂಟು. ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಉಂಟು. ಹಾಸ್ಟೆಲ್ ಸಿಗದವರಿಗೆಂದು 2013ರಲ್ಲಿ ಶುರುವಾದ ವಿದ್ಯಾಸಿರಿ ಉಂಟು. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂತು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ, ನಿಗಮಗಳ ‘ಅರಿವು’ ಸಾಲ, ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟು, ಬ್ಯಾಂಕುಗಳ ಶಿಕ್ಷಣ ಸಾಲ, ಕಂಪನಿಗಳ ಹಾಗೂ ಮಠಮಾನ್ಯಗಳ ವಿದ್ಯಾರ್ಥಿವೇತನ, ಹೀಗೆ ಎಣಿಸುತ್ತ ಹೋಗಬಹುದು. ಇಷ್ಟಿದ್ದೂ ಕುಟುಂಬಗಳ ಆಯ್ಕೆ ಅಂಜಿಕೆಯಿಂದಲೇ ನಡೆಯುತ್ತಿರುವುದೇಕೆ? ಕಾರಣ ಸರಳವಾಗಿದೆ. ಮನೆಯವರು ಕಾಲೇಜನ್ನು ಆರಿಸುವಾಗ ಮುಂದೆ ಸಿಗಬಹುದಾದ ನೆರವನ್ನು ನಂಬುವುದಿಲ್ಲ. ಅಂದು ತಮ್ಮ ಕೈಯಲ್ಲಿ ಖಚಿತವಾಗಿ ಇರುವುದನ್ನು ನಂಬುತ್ತಾರೆ. ಆದ್ದರಿಂದ ನೆರವಿನ ಮೊತ್ತ ಎಷ್ಟು ಮುಖ್ಯವೋ ಅದು ಯಾವಾಗ ತಿಳಿಯುತ್ತದೆ, ಎಷ್ಟು ಖಚಿತವಾಗಿ ತಿಳಿಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಆಯ್ಕೆಯ ನಂತರ ಬರುವ ಹಣ ಸಾಲ ತೀರಿಸಲು ಒದಗೀತು, ಆಯ್ಕೆಯನ್ನು ಬದಲಿಸಲಾರದು.

ಒಂದೇ ಬೆಂಚಿನ ಮೇಲೆ ಬೇರೆ ಬೇರೆ ಬೆಲೆ ತೆತ್ತವರು ಕೂರುವ ಪದ್ಧತಿ ಕರ್ನಾಟಕಕ್ಕೆ ಹೊಸತಲ್ಲ. ಕ್ಯಾಪಿಟೇಶನ್ ಫೀ ಎಂಬುದು ಈ ರಾಜ್ಯದ ಖಾಸಗಿ ವೃತ್ತಿ ಶಿಕ್ಷಣದ ಜೊತೆಜೊತೆಗೇ ಬೆಳೆದದ್ದು. ಅದನ್ನು ತಡೆಯಲು 1984ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯಡಿ 1989ರಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000 ರೂಪಾಯಿ ಎಂದು ಮೇಲ್ಮಿತಿ ಹಾಕಿತು. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಆ ಅರವತ್ತು ಸಾವಿರವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರ ತೀರ್ಪು ಶಿಕ್ಷಣವನ್ನು ಹಕ್ಕು ಎಂದು ಕರೆಯಿತು. ಮರುವರ್ಷವೇ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ನ್ಯಾಯಾಲಯ ಆ ಮಾತನ್ನು ಹದಿನಾಲ್ಕು ವರ್ಷದವರೆಗಿನ ಶಿಕ್ಷಣಕ್ಕೆ ಸೀಮಿತಗೊಳಿಸಿ, ವೃತ್ತಿ ಕಾಲೇಜುಗಳಿಗೆ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ಸೂತ್ರ ಕೊಟ್ಟಿತು. ಪೇಮೆಂಟ್ ಸೀಟಿನವರು ಹೆಚ್ಚು ಕಟ್ಟಿದ್ದರಿಂದ ಫ್ರೀ ಸೀಟಿನವರು ಓದಬೇಕು ಎಂಬುದು ಅದರ ಲೆಕ್ಕ. 1994ರಲ್ಲಿ ಸಿಇಟಿ ಬಂದದ್ದು ಈ ಹಿನ್ನೆಲೆಯಲ್ಲಿ.

ಈ ಸೂತ್ರವನ್ನು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೈಬಿಟ್ಟಿತು. ಫ್ರೀ ಸೀಟು ಸಿಗುತ್ತಿದ್ದದ್ದು ಒಳ್ಳೆಯ ಶಾಲೆ, ಒಳ್ಳೆಯ ಟ್ಯೂಶನ್ ಕಂಡ ಅನುಕೂಲಸ್ಥರ ಮಕ್ಕಳಿಗೆ, ಅವರ ಓದಿನ ಖರ್ಚನ್ನು ಹೊರುತ್ತಿದ್ದವರು ಅಂಕ ಕಡಿಮೆ ಬಂದ ಹಳ್ಳಿಯ ಮತ್ತು ಮಧ್ಯಮವರ್ಗದ ಮಕ್ಕಳು ಎಂಬ ಆಕ್ಷೇಪ ಆ ಸುತ್ತಿನ ಚರ್ಚೆಗಳಲ್ಲಿ ಪ್ರಬಲವಾಗಿತ್ತು. 2005ರ ಇನಾಂದಾರ್ ತೀರ್ಪಿನ ನಂತರವಂತೂ ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಕೋಟಾವನ್ನು ಹೇರುವಂತಿಲ್ಲ ಎಂದಾಯಿತು. ಅಂದಿನಿಂದ ಕರ್ನಾಟಕದಲ್ಲಿ ಸೀಟು ಹಂಚಿಕೆ ಮತ್ತು ಶುಲ್ಕ ಸರ್ಕಾರ ಹಾಗೂ ಕಾಲೇಜುಗಳ ಆಡಳಿತ ಮಂಡಳಿಗಳ ನಡುವಿನ ಒಪ್ಪಂದದ ಮೇಲೆ ನಡೆದಿದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಸೀಟು ಸಿಇಟಿಗೆ, 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್–ಕೆ ಪರೀಕ್ಷೆಗೆ, ಮಿಕ್ಕದ್ದು ಮ್ಯಾನೇಜ್‌ಮೆಂಟಿಗೆ. ಒಂದೇ ತರಗತಿಯಲ್ಲಿ ಒಬ್ಬ ವರ್ಷಕ್ಕೆ ಲಕ್ಷದ ಆಸುಪಾಸು ಕಟ್ಟುತ್ತಾನೆ, ಪಕ್ಕದವನು ಎರಡು ಲಕ್ಷ ದಾಟಿ ಕಟ್ಟುತ್ತಾನೆ, ಮೂರನೆಯವನು ಕಟ್ಟಿದ್ದು ಎಷ್ಟು ಎಂಬುದು ಅವನಪ್ಪನಿಗೂ ಕಾಲೇಜಿಗೂ ಮಾತ್ರ ಗೊತ್ತು.

ಇಷ್ಟೂ ಇತಿಹಾಸದಲ್ಲಿ ನ್ಯಾಯಾಲಯಗಳೂ ಸರ್ಕಾರವೂ ಚರ್ಚಿಸಿದ್ದು ಸೀಟಿನ ಬೆಲೆಯನ್ನು. ಆ ಬೆಲೆಯನ್ನು ಒಂದು ಮನೆ ಯಾವ ತಿಂಗಳಲ್ಲಿ, ಯಾವ ಮೂಲದಿಂದ ಕೊಡುತ್ತದೆ ಎಂಬ ವಿಚಾರ ಮುನ್ನೆಲೆಗೆ ಬರಲೇ ಇಲ್ಲ. ಕೌನ್ಸೆಲಿಂಗ್ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ರೈತನ ಮನೆಯಲ್ಲಿ ಆಗ ಹಣ ಭೂಮಿಯೊಳಗೆ ಇರುತ್ತದೆ. ಬೀಜ, ಗೊಬ್ಬರ, ಕೂಲಿಗೆಂದು ಕೈ ಬರಿದಾಗಿರುವ ಕಾಲ ಅದು. ಭತ್ತ ಮನೆಗೆ ಬರುವುದು ನವೆಂಬರ್ ಹೊತ್ತಿಗೆ. ಕಲಬುರಗಿ ಕಡೆಯ ತೊಗರಿ ಡಿಸೆಂಬರ್, ಜನವರಿಗೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಿ ಕಾಲೇಜಿಗೆ ವರದಿ ಮಾಡಿಕೊಳ್ಳಲು ಇರುವ ಅವಧಿಯನ್ನು ದಿನಗಳಲ್ಲಿ ಎಣಿಸಬಹುದು. ಆ ದಿನಗಳಲ್ಲಿ ಒಡವೆ ಗಿರವಿಗೆ ಹೋಗುತ್ತದೆ, ಚೀಟಿಯನ್ನು ನಷ್ಟಕ್ಕೆ ಕೂಗಲಾಗುತ್ತದೆ, ಸ್ತ್ರೀಶಕ್ತಿ ಸಂಘದಲ್ಲಿ ತಾಯಿಯ ಹೆಸರಿನಲ್ಲಿ ಸಾಲ ಎತ್ತಲಾಗುತ್ತದೆ. ಸಂಬಳದಾರನ ಮನೆಗೆ ಇದೇ ಮೊತ್ತ ಒಂದು ಕಿರಿಕಿರಿ. ಹಂಗಾಮಿನ ಆದಾಯದ ಮನೆಗೆ ಇದು ಇಡೀ ವರ್ಷದ ಲೆಕ್ಕವನ್ನು ಬುಡಮೇಲು ಮಾಡುವ ಮೊತ್ತ. ವಾರ್ಷಿಕ ಆದಾಯ ಒಂದೇ ಆಗಿದ್ದರೂ ಇಬ್ಬರ ಶಕ್ತಿ ಒಂದೇ ಅಲ್ಲ. ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರದಲ್ಲಿ ಈ ವ್ಯತ್ಯಾಸಕ್ಕೆ ಕಾಲಂ ಇಲ್ಲ.

ನೆರವಿನ ಪ್ರಕ್ರಿಯೆ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ದಾಖಲಾತಿ ಆಗಬೇಕು, ಕಾಲೇಜು ನೋಂದಣಿ ಸಂಖ್ಯೆ ಕೊಡಬೇಕು, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯಲ್ಲಿರುವ ಹೆಸರೂ ಹೊಂದಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಇಲಾಖೆ ಮಂಜೂರು ಮಾಡಬೇಕು, ಖಜಾನೆಯಿಂದ ಬಿಡುಗಡೆಯಾಗಬೇಕು. ಹಣ ಖಾತೆಗೆ ಬೀಳುವಾಗ ಮೊದಲ ಸೆಮಿಸ್ಟರ್ ಮುಗಿದಿದ್ದರೆ ಆಶ್ಚರ್ಯವಿಲ್ಲ. ಬಿದ್ದ ಮೊತ್ತವೂ ಪ್ರತಿ ವರ್ಷ ಅದೇ ಇರುತ್ತದೆಂಬ ಭರವಸೆ ಇಲ್ಲ. ಕಟ್ಟಡ ಕಾರ್ಮಿಕರ ಮಕ್ಕಳ ಸಹಾಯಧನವನ್ನು 2023ರಲ್ಲಿ ತೀವ್ರವಾಗಿ ಇಳಿಸಿದಾಗ ಎಷ್ಟೋ ವಿದ್ಯಾರ್ಥಿಗಳು ಕೋರ್ಸಿನ ನಡುವೆ ಇದ್ದರು. ವಿಷಯ ಹೈಕೋರ್ಟಿನ ತನಕ ಹೋಗಬೇಕಾಯಿತು. ಇಂಥದ್ದನ್ನು ಒಮ್ಮೆ ಕಂಡ ಓಣಿಯ ಉಳಿದ ಮನೆಗಳು ಮುಂದಿನ ವರ್ಷ ಆ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೋಜನೆ ಕಾಗದದ ಮೇಲೆ ಜೀವಂತವಾಗಿದ್ದರೂ ಆಯ್ಕೆಯ ಮಟ್ಟಿಗೆ ಅದು ಸತ್ತಂತೆಯೇ.

ಬ್ಯಾಂಕ್ ಸಾಲದ ಕಥೆಯಲ್ಲಿ ಇನ್ನೊಂದು ತೊಡಕು. ಸೀಟು ಖಚಿತವಾಗಿದೆ ಎಂಬ ಪತ್ರ ತೋರಿಸದೆ ಸಾಲ ಮಂಜೂರಾಗದು; ಶುಲ್ಕ ಕಟ್ಟದೆ ಸೀಟು ಖಚಿತವಾಗದು. ಈ ನಡುವಿನ ವಾರಗಳನ್ನು ದಾಟಿಸುವುದು ಮತ್ತೆ ಗಿರವಿ ಅಂಗಡಿಯೇ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವು ಬೇಡವೆಂದು ನಿಯಮ ಹೇಳಿದರೂ ಶಾಖೆಯ ಮಟ್ಟದಲ್ಲಿ ಅಪ್ಪನ ಹಳೆಯ ಬೆಳೆಸಾಲ, ಸಿಬಿಲ್ ಅಂಕ ಎಲ್ಲವೂ ಅಡ್ಡ ಬರುತ್ತವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡವೂ ಬೇಡ, ಜಾಮೀನೂ ಬೇಡ ಎಂದಿತು. ಎಂಟು ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇ 3ರ ಬಡ್ಡಿ ರಿಯಾಯಿತಿಯನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಅದು ಅನ್ವಯಿಸುವುದು ರ್‍ಯಾಂಕಿಂಗ್ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಮಾತ್ರ (ಆರಂಭದಲ್ಲಿ ಇವು ಸುಮಾರು 860). ಅಲ್ಲಿಗೆ ಸೇರಬಲ್ಲವರಲ್ಲಿ ಬಹುಪಾಲು ಮಂದಿ ಹೇಗೋ ಸಾಲ ಪಡೆಯಬಲ್ಲವರೂ ಆಗಿರುತ್ತಾರೆ. ಜಿಲ್ಲೆಯ ಸಾಧಾರಣ ಕಾಲೇಜಿಗೆ ಹೋಗುವ ಹುಡುಗಿಗೆ ಸಾಲ ಕಷ್ಟ, ಅವಳ ಮನೆಗೇ ಅದರ ಅಗತ್ಯ ಹೆಚ್ಚು. ವಿದ್ಯಾರ್ಥಿಯ ಅಗತ್ಯವನ್ನು ಅಳೆಯಬೇಕಾದ ಕಡೆ ಕಾಲೇಜಿನ ಪ್ರತಿಷ್ಠೆಯನ್ನು ಅಳೆದರೆ ಹೀಗಾಗುತ್ತದೆ.

ಕಾಲೇಜಿನ ಆಯ್ಕೆ ಪಿಯುಸಿ ನಂತರ ನಡೆಯುತ್ತದೆ ಎಂದು ತಿಳಿದಿರುವುದೇ ಅರೆಬರೆ ಸತ್ಯ. ಅದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಮುಕ್ಕಾಲು ಮುಗಿದಿರುತ್ತದೆ. ವಿಜ್ಞಾನ ತೆಗೆದುಕೊಂಡರೆ ಟ್ಯೂಶನ್ ಬೇಕು, ನೀಟ್ ಅಥವಾ ಜೆಇಇ ಎಂದರೆ ಕೋಚಿಂಗ್ ಬೇಕು, ಮುಂದೆ ಎಂಜಿನಿಯರಿಂಗಿಗೆ ನಾಲ್ಕು ವರ್ಷ ದುಡ್ಡು ಹೊಂದಿಸಬೇಕು ಎಂಬ ಲೆಕ್ಕ ಅಂದೇ ಶುರು. ಗಣಿತದಲ್ಲಿ ತೊಂಬತ್ತು ತೆಗೆದ ಮಗುವನ್ನು ಕಾಮರ್ಸಿಗೋ ಕಲಾ ವಿಭಾಗಕ್ಕೋ ಸೇರಿಸುವ ಮನೆಗಳು ಮಗುವಿನ ಶಕ್ತಿಯನ್ನು ಅನುಮಾನಿಸುತ್ತಿಲ್ಲ. ಐದು ವರ್ಷಗಳ ಆಚೆಗಿನ ತಮ್ಮ ಶಕ್ತಿಯನ್ನು ಅನುಮಾನಿಸುತ್ತಿವೆ. ಇನ್ನೊಂದು ತುದಿಯಲ್ಲಿ, ಅನುಕೂಲಸ್ಥ ಮನೆ ಕರಾವಳಿಯ ಇಲ್ಲವೇ ಬೆಂಗಳೂರಿನ ವಸತಿಸಹಿತ ಪಿಯು ಕಾಲೇಜಿಗೆ ಎರಡು ವರ್ಷಕ್ಕೆ ಲಕ್ಷಾಂತರ ರೂಪಾಯಿ ಸುರಿಯುತ್ತದೆ. ಅದರ ಫಲವಾಗಿ ಒಳ್ಳೆಯ ರ್‍ಯಾಂಕು, ಒಳ್ಳೆಯ ರ್‍ಯಾಂಕಿನಿಂದ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಗ್ಗದ ಸೀಟು. ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಇರುವಾಗ ಇದು ಬುದ್ಧಿವಂತ ಹೂಡಿಕೆ. ಸಾರ್ವಜನಿಕ ಹಣದಿಂದ ಅಗ್ಗವಾದ ಸೀಟು, ಮುಂಗಡವಾಗಿ ಖಾಸಗಿ ಹಣ ಚೆಲ್ಲಬಲ್ಲವರಿಗೆ ಹೆಚ್ಚು ಸುಲಭವಾಗಿ ದಕ್ಕುತ್ತಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಫ್ರೀ ಸೀಟಿನ ವಿರುದ್ಧ ಕೇಳಿಬಂದ ಆಕ್ಷೇಪ ಬೇರೆ ರೂಪದಲ್ಲಿ ಹಾಗೆಯೇ ಉಳಿದುಕೊಂಡಿದೆ. ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲಾತಿ ಸೀಟು ಕೊಡಿಸಬಲ್ಲದು. ಸಿಕ್ಕ ಸೀಟಿನಲ್ಲಿ ಕೂತು ಓದುವ ಖರ್ಚು ಅದರ ವ್ಯಾಪ್ತಿಯಲ್ಲಿಲ್ಲ.

ಸೀಟು, ಓದುವ ಖರ್ಚು ಎರಡನ್ನೂ ಒಟ್ಟಿಗೆ ಯೋಚಿಸಿದ ಉದಾಹರಣೆ ಪಕ್ಕದ ರಾಜ್ಯದಲ್ಲಿದೆ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5ರಷ್ಟು ಮೀಸಲಿಟ್ಟಿತು. ಮರುವರ್ಷ ಎಂಜಿನಿಯರಿಂಗ್ ಮತ್ತಿತರ ವೃತ್ತಿ ಕೋರ್ಸುಗಳಿಗೂ ಅದನ್ನು ವಿಸ್ತರಿಸಿ, ಹಾಗೆ ಸೇರಿದವರ ಶಿಕ್ಷಣ ಶುಲ್ಕ, ಹಾಸ್ಟೆಲ್ ಶುಲ್ಕ, ಕೌನ್ಸೆಲಿಂಗ್ ಶುಲ್ಕ ಎಲ್ಲವನ್ನೂ ಸರ್ಕಾರವೇ ಭರಿಸುವುದೆಂದು ಸಾರಿತು. ಮೀಸಲಾತಿಯ ಪ್ರಮಾಣ ಚಿಕ್ಕದು, ಮಾತು ಸ್ಪಷ್ಟವಾಗಿದೆ. ಆರನೇ ತರಗತಿಯಲ್ಲಿ ಮಗನನ್ನು ಸರ್ಕಾರಿ ಶಾಲೆಯಲ್ಲಿ ಉಳಿಸಿಕೊಳ್ಳಬೇಕೋ ಬಿಡಿಸಬೇಕೋ ಎಂದು ಯೋಚಿಸುವ ತಂದೆಗೂ ಅದು ಅರ್ಥವಾಗುತ್ತದೆ.

ಕುಟುಂಬ ಎಂದಾಗ ಒಬ್ಬ ವಿದ್ಯಾರ್ಥಿಯನ್ನಷ್ಟೇ ಕಲ್ಪಿಸಿಕೊಳ್ಳುವುದೂ ತಪ್ಪು. ಮನೆಯಲ್ಲಿ ಇಬ್ಬರು, ಮೂವರು ಮಕ್ಕಳಿರುತ್ತಾರೆ, ಗಂಟು ಒಂದೇ. ಅಣ್ಣನ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವಾಗ ತಂಗಿಯ ಪಿಯುಸಿ ಮುಗಿಯುತ್ತದೆ. ಅವಳಿಗೆ ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಆಯ್ಕೆಯಾಗುತ್ತದೆ. ‘ಹೆಣ್ಣುಮಗು, ದೂರ ಯಾಕೆ’ ಎಂಬ ಮಾತು ಹೊರಗೆ ಕೇಳಿಸುತ್ತದೆ. ಒಳಗಿನ ಲೆಕ್ಕದಲ್ಲಿ ಪಿಜಿಯ ಬಾಡಿಗೆ, ಮದುವೆಯ ಖರ್ಚು, ಅಣ್ಣನ ಉಳಿದ ಎರಡು ವರ್ಷದ ಫೀಸು ಇರುತ್ತವೆ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಆಯ್ಕೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್, ಸುರಕ್ಷಿತ ಎನಿಸುವ ದಾರಿಗಾಗಿ ಹುಡುಗಿಯರು ಗುಣಮಟ್ಟದಲ್ಲಿ ಕೆಳಗಿರುವ ಕಾಲೇಜನ್ನು ಒಪ್ಪಿಕೊಳ್ಳುವುದನ್ನು ತೋರಿಸಿದ್ದಾರೆ. ಅಂದರೆ ದಾರಿಗೂ ಒಂದು ಬೆಲೆ ಇದೆ, ಅದನ್ನು ಹುಡುಗಿಯರು ತಮ್ಮ ಓದಿನಲ್ಲಿ ಕಟ್ಟುತ್ತಾರೆ. ಈ ದೃಷ್ಟಿಯಿಂದ ನೋಡಿದರೆ 2023ರ ಜೂನ್‌ನಲ್ಲಿ ಬಂದ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಕೂಡ ವಿದ್ಯಾರ್ಥಿ ನೆರವೇ. ಅದಕ್ಕೆ ಅರ್ಜಿ ಇಲ್ಲ, ಮಂಜೂರಾತಿ ಇಲ್ಲ, ಕಾಯುವಿಕೆ ಇಲ್ಲ. ಬಸ್ಸು ಹತ್ತಿದರೆ ಸಾಕು. ತಾಲ್ಲೂಕಿನ ಕಾಲೇಜಿನ ಬದಲು ಜಿಲ್ಲಾ ಕೇಂದ್ರದ ಕಾಲೇಜನ್ನು ಯೋಚಿಸುವ ಧೈರ್ಯ ಅದರಿಂದ ಬರಬಹುದು. ಸಂಜೆ ಏಳರ ಬಸ್ಸು ಊರಿಗೆ ಬರುತ್ತದೆಯೇ ಎಂಬ ಪ್ರಶ್ನೆ ಮಾತ್ರ ಟಿಕೆಟ್ಟು ಉಚಿತವಾದರೂ ಹಾಗೇ ಉಳಿದಿರುತ್ತದೆ.

ಖಚಿತವಾದ, ಕಣ್ಣಿಗೆ ಕಾಣುವ ನೆರವು ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ಶಿಕ್ಷಣದ ಚರಿತ್ರೆಯೇ ಸಾಕ್ಷಿ. ಇಲ್ಲಿ ನೆರವು ಮೊದಲು ಬಂದದ್ದು ಹಣವಾಗಿ ಅಲ್ಲ, ಅನ್ನವಾಗಿ. ಮೈಸೂರಿನಲ್ಲಿ ವಾರಾನ್ನದ ಮನೆಗಳು ಸಿಕ್ಕಿದ್ದರಿಂದ ಓದಿದವರ ಒಂದು ಪೀಳಿಗೆಯೇ ಇದೆ; ಕಾದಂಬರಿಕಾರ ಎಸ್.ಎಲ್. ಭೈರಪ್ಪ ತಮ್ಮ ಆತ್ಮಕಥೆಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು; ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರ ಆ ಟ್ರಸ್ಟಿನ ಹಣದಲ್ಲಿ ಓದಿದವನು. ತುಮಕೂರಿನ ಸಿದ್ಧಗಂಗೆಯ ದಾಸೋಹ ಸಾವಿರಾರು ಹುಡುಗರಿಗೆ ಊಟ, ವಸತಿ ಕೊಟ್ಟಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇಲ್ಲದಿದ್ದರೆ ಕವಿ ಸಿದ್ಧಲಿಂಗಯ್ಯನವರ ಓದಿನ ದಾರಿ ಬೇರೆಯೇ ಆಗುತ್ತಿತ್ತು ಎಂಬುದು ಅವರ ಆತ್ಮಕಥೆ ‘ಊರು ಕೇರಿ’ ಓದಿದವರಿಗೆಲ್ಲ ಗೊತ್ತು. ದೇವರಾಜ ಅರಸರ ಕಾಲದಿಂದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಜಿಲ್ಲೆ, ತಾಲ್ಲೂಕುಗಳಿಗೆ ಹಬ್ಬಿದ್ದು ಇದೇ ಪರಂಪರೆಯ ಸರ್ಕಾರಿ ರೂಪ. ಆ ಕಾಲದ ಕುಟುಂಬ ಯೋಚಿಸುತ್ತಿದ್ದ ರೀತಿ ಇಂದಿನದಕ್ಕೆ ತಿರುಗುಮುರುಗು. ಯಾವ ಊರಿನಲ್ಲಿ ಹಾಸ್ಟೆಲ್ಲಿದೆ ಎಂದು ಮೊದಲು ಗೊತ್ತಾಗುತ್ತಿತ್ತು, ಆ ಊರಿನಲ್ಲಿ ಯಾವ ಕಾಲೇಜಿದೆ ಎಂದು ಆಮೇಲೆ ವಿಚಾರಿಸುತ್ತಿದ್ದರು. ಆಯ್ಕೆ ಸೀಮಿತವಾಗಿತ್ತು, ಜಾತಿಯ ಬೇಲಿಗಳಿದ್ದವು, ಇವನ್ನು ಮರೆಯುವಂತಿಲ್ಲ. ಆದರೂ ಊಟ, ವಸತಿ ಉಂಟು ಎಂಬ ಮಾತು ಊರು ಬಿಡುವ ಮೊದಲೇ ತಿಳಿದಿರುತ್ತಿತ್ತು. ಹುಡುಗನನ್ನು ಬಸ್ಸು ಹತ್ತಿಸಲು ಬೇಕಾಗಿದ್ದದ್ದು ಅಷ್ಟು ಖಚಿತತೆ.

ಇಂದು ಖಚಿತತೆಯ ಕೊರತೆ ಎಷ್ಟು ವಿಚಿತ್ರ ಫಲ ಕೊಡುತ್ತದೆಂದರೆ, ನಿಜಕ್ಕೂ ಅಗ್ಗವಾದದ್ದೇ ದುಬಾರಿಯಾಗಿ ಕಾಣುತ್ತದೆ. 2016ರಲ್ಲಿ ಐಐಟಿಗಳ ಬೋಧನಾ ಶುಲ್ಕ 90,000ದಿಂದ ಎರಡು ಲಕ್ಷಕ್ಕೆ ಏರಿದ ಸುದ್ದಿ ಎಲ್ಲ ಮನೆಗಳಿಗೂ ತಲುಪಿತು. ಅದೇ ಆದೇಶದ ಇನ್ನೊಂದು ಭಾಗ ತಲುಪಲಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಮನೆಯ ವಾರ್ಷಿಕ ಆದಾಯ ಒಂದು ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, ಐದು ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಈ ರಿಯಾಯಿತಿ ಗೊತ್ತಿರುವ ಮನೆಗೆ ಧಾರವಾಡದ ಐಐಟಿ ಪಕ್ಕದ ಖಾಸಗಿ ಕಾಲೇಜಿಗಿಂತ ಅಗ್ಗವಾಗಬಹುದು. ಗೊತ್ತಿಲ್ಲದ ಮನೆ ‘ಅದೆಲ್ಲ ನಮ್ಮಂಥೋರಿಗಲ್ಲ’ ಎಂದು ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ಹಾಕುವುದಿಲ್ಲ.

ಇದು ಊಹೆಯಲ್ಲ ಎಂದು ತೋರಿಸುವ ಪ್ರಯೋಗವೊಂದು ಅಮೆರಿಕದಲ್ಲಿ ನಡೆದಿದೆ. ಮಿಷಿಗನ್ ವಿಶ್ವವಿದ್ಯಾಲಯ ತನ್ನ ರಾಜ್ಯದ ಬಡ ಮನೆಗಳ ಪ್ರತಿಭಾವಂತ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಮುಂಚಿತವಾಗಿಯೇ ಪತ್ರ ಕಳಿಸಿತು. ನೀವು ಅರ್ಜಿ ಹಾಕಿ ಪ್ರವೇಶ ಪಡೆದರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಅದಕ್ಕಾಗಿ ಬೇರೆ ಅರ್ಜಿ ತುಂಬುವುದೂ ಬೇಡ ಎಂಬುದು ಪತ್ರದ ಸಾರ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ನೆರವು ಹೇಗೂ ಸಿಗುತ್ತಿತ್ತು. ಪತ್ರ ಕೊಟ್ಟಿದ್ದು ಹೊಸ ಹಣವನ್ನಲ್ಲ, ಭರವಸೆಯನ್ನು. ಸೂಸನ್ ಡೈನಾರ್ಸ್ಕಿ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಪತ್ರ ಬರದವರಲ್ಲಿ ಅರ್ಜಿ ಹಾಕಿದವರು ಶೇ 26, ಪತ್ರ ಬಂದವರಲ್ಲಿ ಶೇ 68. ಸೇರಿದವರ ಪ್ರಮಾಣ ಶೇ 12ರಿಂದ 27ಕ್ಕೆ ಏರಿತು. ದೇಶ ಬೇರೆ, ಸಮಾಜ ಬೇರೆ, ಮೊತ್ತಗಳೂ ಬೇರೆ. ಬಡ ಮನೆಯೊಂದು ಅನಿಶ್ಚಿತತೆಗೆ ಹೆದರುವ ಬಗೆಯಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿರಲಾರದು.

ಈ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ನಮ್ಮ ಗಾದೆಯೇ: ಹಾಸಿಗೆ ಇದ್ದಷ್ಟು ಕಾಲು ಚಾಚು. ಶಕ್ತಿ ಮೀರಿ ಸಾಲ ಮಾಡಿ ಮಗನನ್ನು ದುಬಾರಿ ಕಾಲೇಜಿಗೆ ಸೇರಿಸಿ, ಕೊನೆಗೆ ಕೆಲಸವೂ ಸಿಗದೆ ಬಡ್ಡಿಯಲ್ಲಿ ಮುಳುಗಿದ ಮನೆಗಳು ಎಲ್ಲ ಊರಿನಲ್ಲೂ ಇವೆ. ಆ ಎಚ್ಚರ ಗೌರವಕ್ಕೆ ಅರ್ಹ. ಆದರೆ ಹಾಸಿಗೆ ಎಷ್ಟುದ್ದ ಎಂದು ಮಲಗುವ ಮುಂಚೆ ತಿಳಿದಿರಬೇಕಲ್ಲ? ನೆರವೆಷ್ಟು ಎಂದು ಆರು ತಿಂಗಳ ನಂತರ ತಿಳಿಸುವ ವ್ಯವಸ್ಥೆಯಲ್ಲಿ ವಿವೇಕಿಯಾದವನು ಕಾಲು ಮುದುರಿಯೇ ಮಲಗುತ್ತಾನೆ, ದುಡುಕುವವನು ಅಳತೆ ಮೀರುತ್ತಾನೆ. ಇಬ್ಬರೂ ತಪ್ಪುವುದು ಒಂದೇ ಕಾರಣಕ್ಕೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ನೆರವನ್ನು ಖಚಿತವಾಗಿಯೂ ಧಾರಾಳವಾಗಿಯೂ ಕೊಟ್ಟರೆ ಅದು ಕಳಪೆ ಕಾಲೇಜುಗಳನ್ನು ಸಾಕುತ್ತದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ತಂದ ಶುಲ್ಕ ಮರುಪಾವತಿ ಯೋಜನೆ ಲಕ್ಷಾಂತರ ಬಡ ಮಕ್ಕಳಿಗೆ ಎಂಜಿನಿಯರಿಂಗ್ ಬಾಗಿಲು ತೆರೆಯಿತು. ಜೊತೆಗೆ ಆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಸಂಖ್ಯೆ ಏಳುನೂರರ ಆಸುಪಾಸಿಗೆ ಹೋಯಿತು. ಸರ್ಕಾರದ ಹಣವನ್ನೇ ನಂಬಿ ಎದ್ದ ಕಾಲೇಜುಗಳು, ಪ್ರಯೋಗಾಲಯ, ಅಧ್ಯಾಪಕರಿಲ್ಲದ ಕಾಲೇಜುಗಳು ಅದರಲ್ಲಿ ಕಡಿಮೆಯಿರಲಿಲ್ಲ. ಸರ್ಕಾರ ಬಾಕಿ ಉಳಿಸಿಕೊಂಡಾಗಲೆಲ್ಲ ಕಾಲೇಜು ಆ ಬಿಸಿಯನ್ನು ವಿದ್ಯಾರ್ಥಿಗೇ ತಾಗಿಸಿತು. ಈ ಅನುಭವ ಹೇಳುವುದಿಷ್ಟು: ಗುಣಮಟ್ಟದ ಷರತ್ತಿಲ್ಲದೆ ಹಣ ಕಾಲೇಜಿನ ಖಾತೆಗೆ ಹೋದರೆ ನೆರವು ಮಾರುಕಟ್ಟೆಯಾಗುತ್ತದೆ. ಅದರಿಂದ ನೆರವು ಬೇಡ ಎಂಬ ತೀರ್ಮಾನ ಹುಟ್ಟುವುದಿಲ್ಲ. ಹಣ ವಿದ್ಯಾರ್ಥಿಯ ಕೈಗೆ ಹೋಗಬೇಕು, ಕಾಲೇಜಿನ ಫಲಿತಾಂಶ, ಅಧ್ಯಾಪಕರ ಸಂಖ್ಯೆ, ಒಟ್ಟು ಖರ್ಚು ಎಲ್ಲವೂ ಶುಲ್ಕದ ಪಕ್ಕದಲ್ಲೇ ಕಾಣಬೇಕು ಎಂಬ ತೀರ್ಮಾನ ಹುಟ್ಟುತ್ತದೆ. ಅಗ್ಗದ ಆಯ್ಕೆ ಕೀಳು ಆಯ್ಕೆಯಾಗದಂತೆ ನೋಡಿಕೊಳ್ಳುವುದೂ ಇದರ ಭಾಗ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ವರ್ಷ ವರ್ಷ ಅತಿಥಿ ಉಪನ್ಯಾಸಕರ ನೇಮಕಕ್ಕೆ ಕಾಯುತ್ತ ಕೂತಿದ್ದರೆ, ಅಲ್ಲಿ ಫೀಸು ಕಡಿಮೆ ಎಂಬುದು ಸಮಾಧಾನದ ಮಾತಾಗದು.

ಮೂರನೆಯದು ಬೊಕ್ಕಸದ ಪ್ರಶ್ನೆ. ಇಷ್ಟೆಲ್ಲ ಎಲ್ಲಿಂದ ತರುವುದು? ಇಲ್ಲಿ ಕೇಳುತ್ತಿರುವುದರಲ್ಲಿ ದೊಡ್ಡ ಪಾಲಿಗೆ ಹೊಸ ಹಣ ಬೇಕಿಲ್ಲ. ವಿದ್ಯಾರ್ಥಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಜಮೀನಿನ ದಾಖಲೆ ಎಲ್ಲವೂ ಸರ್ಕಾರದ ಗಣಕಯಂತ್ರಗಳಲ್ಲೇ ಇವೆ. ಹತ್ತನೇ ತರಗತಿ ಮುಗಿಯುವ ಮೊದಲೇ ಪ್ರತಿ ಮನೆಗೂ ಒಂದು ಪತ್ರ ಕಳಿಸಬಹುದು: ನಿಮ್ಮ ಮಗು ಇಂಥ ಕೋರ್ಸಿಗೆ ಸೇರಿದರೆ ಇಷ್ಟು ಶುಲ್ಕ ಮಾಫಿ, ತಿಂಗಳಿಗೆ ಇಷ್ಟು ಹಣ, ಹಾಸ್ಟೆಲ್ ಇಂಥ ಊರುಗಳಲ್ಲಿ, ಕೋರ್ಸು ಮುಗಿಯುವವರೆಗೆ ಇದು ಬದಲಾಗದು. ಆಪ್ಷನ್ ಎಂಟ್ರಿಯ ಪರದೆಯಲ್ಲಿ ಕಾಲೇಜಿನ ಹೆಸರಿನ ಮುಂದೆ ಘೋಷಿತ ಶುಲ್ಕವಷ್ಟೇ ಇರದೆ, ಈ ವಿದ್ಯಾರ್ಥಿ ಕೈಯಿಂದ ಕಟ್ಟಬೇಕಾದ ಮೊತ್ತ ಕಾಣಿಸಬಹುದು. ವಿದ್ಯಾರ್ಥಿವೇತನಕ್ಕೆ ಅರ್ಹನಾದವನಿಗೆ ಪ್ರವೇಶದ ದಿನ ಕೇಳುವ ಶುಲ್ಕವನ್ನು ಹಣ ಬಿಡುಗಡೆಯಾಗುವ ತನಕ ತಡೆಹಿಡಿಯುವಂತೆ, ಆ ಬಾಕಿಗೆ ಸರ್ಕಾರವೇ ಜಾಮೀನಾಗುವಂತೆ ಒಪ್ಪಂದದಲ್ಲೇ ಬರೆಯಬಹುದು. ಆದಾಯ ಮಿತಿಯನ್ನು ಒಂದು ಸಾವಿರ ದಾಟಿದ ಮನೆಗೆ ಎಲ್ಲವೂ ನಿಂತುಹೋಗುವ ಬದಲು ನೆರವು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಐಐಟಿಯ ರಿಯಾಯಿತಿಯಲ್ಲಿ ಆ ಮಾದರಿ ಒಂದಿಷ್ಟಾದರೂ ಇದೆ. ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನದ ಬಲವೂ ಅದರ ಸರಳತೆಯಲ್ಲಿದೆ: ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ನಮ್ಮ ಸರ್ಕಾರಿ ಯೋಜನೆಗಳಲ್ಲಿ ಎಷ್ಟನ್ನು ಹಾಗೆ ಹೇಳಲು ಸಾಧ್ಯ?

ಪರೀಕ್ಷಾ ಪ್ರಾಧಿಕಾರ ಇನ್ನೊಂದು ಕೆಲಸವನ್ನೂ ಮಾಡಬಹುದು. ಒಂದೇ ರ್‍ಯಾಂಕಿನ ಆಸುಪಾಸಿನಲ್ಲಿರುವ ನಗರದ ಹುಡುಗನೂ ಹಳ್ಳಿಯ ಹುಡುಗಿಯೂ ಯಾವ ಯಾವ ಕಾಲೇಜುಗಳನ್ನು ಕೇಳಿದರು ಎಂಬ ಮಾಹಿತಿ ಅದರ ಬಳಿ ಇದೆ. ಹೆಸರುಗಳನ್ನು ಮರೆಮಾಡಿ ಅದನ್ನು ಅಧ್ಯಯನಕ್ಕೆ ತೆರೆದರೆ ಹಣ ಯಾರ ಆಸೆಯನ್ನು ಎಲ್ಲಿ ಮೊಟಕು ಮಾಡಿದೆ ಎಂಬುದು ಕಂಡುಬಿಡುತ್ತದೆ. ವಿದ್ಯಾರ್ಥಿವೇತನದ ಯಶಸ್ಸನ್ನು ಬಿಡುಗಡೆಯಾದ ಕೋಟಿಗಳಲ್ಲಿ ಅಳೆಯುವ ರೂಢಿ ಆಗಲಾದರೂ ಬದಲಾದೀತು. ಯೋಜನೆ ಬರುವ ಮೊದಲು ಕೇಳದಿದ್ದ ಕಾಲೇಜನ್ನು ಬಂದ ಮೇಲೆ ಎಷ್ಟು ಮಕ್ಕಳು ಕೇಳಿದರು ಎಂಬುದೇ ಸರಿಯಾದ ಅಳತೆ.

ಕೊನೆಗೂ ಇದು ಹೊಣೆ ಯಾರದ್ದು ಎಂಬ ಪ್ರಶ್ನೆ. ಇಂದಿನ ಏರ್ಪಾಟಿನಲ್ಲಿ ಶುಲ್ಕ ಕಟ್ಟಲು ಕುಟುಂಬ ಒಂದು ವಾರ ತಡಮಾಡಿದರೆ ಸೀಟು ಹೋಗುತ್ತದೆ. ನೆರವು ಕೊಡಲು ಸರ್ಕಾರ ಒಂದು ವರ್ಷ ತಡಮಾಡಿದರೆ ಏನೂ ಹೋಗುವುದಿಲ್ಲ. ಅನಿಶ್ಚಿತತೆಯ ಪೂರ್ತಿ ಭಾರವನ್ನು ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವ ಮನೆಯ ಮೇಲೆ ಹೊರಿಸಿ, ಆ ಮನೆ ಧೈರ್ಯವಾಗಿ ಆರಿಸಲಿಲ್ಲ ಎಂದು ದೂರುವುದು ನ್ಯಾಯವಲ್ಲ. ತಡವಾದರೆ ನಷ್ಟ ತನಗೆ ಎಂಬ ಸ್ಥಿತಿಗೆ ಸರ್ಕಾರ ತನ್ನನ್ನು ಕಾನೂನಿನಿಂದ ಕಟ್ಟಿಕೊಳ್ಳುವ ತನಕ, ಪ್ರತಿ ಬಜೆಟ್ಟಿನಲ್ಲೂ ಹೊಸ ಹೆಸರಿನ ವಿದ್ಯಾರ್ಥಿವೇತನಗಳು ಬರುತ್ತಲೇ ಇರುತ್ತವೆ, ಬಡವರ ಮಕ್ಕಳು ಹತ್ತಿರದ, ಅಗ್ಗದ, ಅನುಮಾನವಿಲ್ಲದ ಕಾಲೇಜಿಗೆ ಸೇರುತ್ತಲೇ ಇರುತ್ತಾರೆ.